ಸುಂಕದವನ ಮುಂದೆ ಸುಖದುಃಖ

(ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಸೇರಿದ್ದ ಅಧ್ಯಯನ ಸಭೆಯಲ್ಲಿ ಮಾಡಿದ ಭಾಷಣ)



ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲ ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಕಟ್ಟೆಯಲ್ಲಿ ಕುಳಿತವನಿಗೆ ಕರುಣೆಯಿಲ್ಲವೆಂದು ಜನ ಇದಕ್ಕೆ ಅರ್ಥ ಹೇಳುತ್ತಾರೆ. ನಮಗೆ ಇದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಸುಂಕದವನು ದರ ಕಟ್ಟಿದವನಲ್ಲ, ವಸೂಲು ಮಾಡುವವನು. ಅವನಿಗೆ ಕರುಣೆ ಬಂದರೂ ಪಟ್ಟಿಯಲ್ಲಿ ಬರೆದದ್ದನ್ನು ಅವನು ಅಳಿಸಲಾರ. ದುಃಖ ಹೇಳಬೇಕಾದ ಜಾಗ ಪಟ್ಟಿ ಬರೆಯುವ ಜಾಗ. ಹೇಳಬೇಕಾದ ಹೊತ್ತು ಪಟ್ಟಿಗೆ ರುಜು ಬೀಳುವುದಕ್ಕೆ ಮುಂಚಿನ ಹೊತ್ತು. ನಮ್ಮ ದೇಶದ ಸುಂಕದ ಪಟ್ಟಿಯನ್ನು ಯಾರು, ಎಲ್ಲಿ ಕುಳಿತು ಬರೆದರು, ಅದರಲ್ಲಿ ದುಡಿಯುವವನ ಮಾತಿಗೆ ಎಲ್ಲಿ ಎಡೆ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎಂಬುದೇ ಈ ಹೊತ್ತಿನ ನಮ್ಮ ವಿಷಯ.

ಜಿನೀವಾ, ಮರಕೇಶ್, ದೋಹಾ ಎಂಬ ಹೆಸರು ಕೇಳಿದೊಡನೆ, ಇದು ವಿದ್ವಾಂಸರ ಚರ್ಚೆ, ನಮಗೇಕೆ ಎಂದು ಎದ್ದುಹೋಗುವವರುಂಟು. ಕಿರಾಣಿ ಅಂಗಡಿಯ ಬಂಧುಗಳಿಂದಲೇ ಆರಂಭಿಸೋಣ. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ೨೦೨೪ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ ಎಣ್ಣೆ, ಸೋಯಾ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳ ಮೇಲಿನ ಒಟ್ಟು ಸುಂಕವನ್ನು ನೂರಕ್ಕೆ ೫.೫ರಿಂದ ೨೭.೫ಕ್ಕೆ ಏರಿಸಿದರು. ೨೦೨೫ರ ಮೇ ತಿಂಗಳ ಕೊನೆಯಲ್ಲಿ ಅದನ್ನೇ ೧೬.೫ಕ್ಕೆ ಇಳಿಸಿದರು. ಏರಿದಾಗ ಗಿರಾಕಿಯ ಬೈಗುಳ ತಿನ್ನುವವನು ಅಂಗಡಿಯವನು. ಇಳಿದಾಗ ಹಳೆಯ ದರಕ್ಕೆ ಡಬ್ಬ ತುಂಬಿಸಿಟ್ಟುಕೊಂಡು ನಷ್ಟ ತಿನ್ನುವವನೂ ಅವನೇ. ಸೂರ್ಯಕಾಂತಿ ಬೆಳೆದ ರೈತ ಏರಿದರೆ ನಗುತ್ತಾನೆ, ಇಳಿದರೆ ಅಳುತ್ತಾನೆ. ಎರಡೂ ಆದದ್ದು ದೆಹಲಿಯ ಒಂದೊಂದು ಅಧಿಸೂಚನೆಯಿಂದ. ಇಷ್ಟು ಸಾಕಲ್ಲವೆ, ಈ ವಿಷಯ ನಮ್ಮದೇ ಎನ್ನುವುದಕ್ಕೆ?

ಈಗ ಕತೆಯನ್ನು ಮೊದಲಿನಿಂದ ಹಿಡಿಯೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ೧೯೪೭ರ ಅಕ್ಟೋಬರ್ ೩೦ರಂದು, ಜಿನೀವಾದಲ್ಲಿ ೨೩ ದೇಶಗಳು ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದಕ್ಕೆ ರುಜು ಹಾಕಿದವು. ಗ್ಯಾಟ್ ಎಂದು ಕರೆಯುವುದು ಇದನ್ನೇ. ಸ್ವಾತಂತ್ರ್ಯ ಬಂದು ಮೂರು ತಿಂಗಳೂ ತುಂಬದ ಭಾರತ ಆ ೨೩ರಲ್ಲಿ ಒಂದು. ಅದರ ಬೆನ್ನಿಗೇ ಹವಾನಾ ನಗರದಲ್ಲಿ ವ್ಯಾಪಾರ ಮತ್ತು ಉದ್ಯೋಗದ ಬಗ್ಗೆ ವಿಶ್ವಸಂಸ್ಥೆಯ ದೊಡ್ಡ ಸಮ್ಮೇಳನ ನಡೆಯಿತು. ೧೯೪೮ರ ಮಾರ್ಚಿನಲ್ಲಿ ಅಲ್ಲಿ ಒಂದು ಸನ್ನದು ಸಿದ್ಧವಾಯಿತು. ಎಲ್ಲರಿಗೂ ಉದ್ಯೋಗ, ಕೆಲಸಗಾರರಿಗೆ ನ್ಯಾಯವಾದ ದುಡಿಮೆಯ ಕಟ್ಟಳೆ, ಬೆಳೆಗಳ ಬೆಲೆ ಕುಸಿಯದಂತೆ ಒಪ್ಪಂದ, ಹಿಂದುಳಿದ ದೇಶಗಳ ಕೈಗಾರಿಕೆಗೆ ರಕ್ಷಣೆ, ಇವೆಲ್ಲಕ್ಕೂ ಅದರಲ್ಲಿ ಜಾಗವಿತ್ತು. ಆ ಸನ್ನದು ಎಂದೂ ಜಾರಿಗೆ ಬರಲಿಲ್ಲ. ಅಮೆರಿಕದ ಶಾಸನಸಭೆ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ೧೯೫೦ರ ಕೊನೆಗೆ ಅಲ್ಲಿನ ಸರ್ಕಾರ ಅದನ್ನು ಕೈಬಿಟ್ಟಿತು. ಗ್ಯಾಟ್ ಒಂದೇ ಉಳಿಯಿತು. ಕೂಲಿಯ ಮಾತು ಬಿದ್ದುಹೋಯಿತು, ಸುಂಕದ ಮಾತು ನಿಂತಿತು. ಹುಟ್ಟುವಾಗಲೇ ಬಿದ್ದ ಈ ಅರೆಕೊರೆ ಇಂದಿಗೂ ತುಂಬಿಲ್ಲ.

ಗ್ಯಾಟಿನ ಪದ್ಧತಿ ಸಂತೆಯ ಚೌಕಾಸಿಯಂತೆ: ನೀನು ಇಷ್ಟು ಇಳಿಸಿದರೆ ನಾನು ಇಷ್ಟು ಇಳಿಸುತ್ತೇನೆ. ಇಲ್ಲಿ ಒಂದು ಭೇದವನ್ನು ನೆನಪಿನಲ್ಲಿಡಿ. ಇದಕ್ಕಿಂತ ಮೇಲೆ ಸುಂಕ ಹಾಕುವುದಿಲ್ಲ ಎಂದು ದೇಶ ಮಾತು ಕೊಟ್ಟದ್ದು ಒಪ್ಪಿಕೊಂಡ ಮಿತಿ. ಆ ಮಿತಿಯೊಳಗೆ ಇವತ್ತು ಕಟ್ಟೆಯಲ್ಲಿ ವಸೂಲಾಗುವುದು ನಡೆಯುವ ಸುಂಕ. ಮನೆ ಬಾಡಿಗೆಯ ಕರಾರಿನಲ್ಲಿ ಹೆಚ್ಚೆಂದರೆ ಸಾವಿರ ಎಂದು ಬರೆದು ಆರುನೂರು ತೆಗೆದುಕೊಳ್ಳುವಂತೆ. ಮಿತಿಯನ್ನು ಕಟ್ಟುವುದು ಜಿನೀವಾದಲ್ಲಿ. ಮಿತಿಯೊಳಗೆ ಏರಿಸುವುದು ಇಳಿಸುವುದು ದೆಹಲಿಯಲ್ಲಿ. ಈ ಎರಡರ ವ್ಯತ್ಯಾಸ ತಿಳಿಯದಿದ್ದರೆ ದೆಹಲಿಯ ತಪ್ಪಿಗೆ ಜಿನೀವಾವನ್ನೂ ಜಿನೀವಾದ ತಪ್ಪಿಗೆ ದೆಹಲಿಯನ್ನೂ ಬೈಯುತ್ತ ಕೂರುತ್ತೇವೆ. ತಪ್ಪು ಮಾಡಿದವರು ಎರಡು ಕಡೆಯೂ ತಪ್ಪಿಸಿಕೊಳ್ಳುತ್ತಾರೆ.

ಮೊದಲ ನಾಲ್ಕು ದಶಕ ನಮ್ಮ ದೇಶಕ್ಕೆ ಈ ಮಿತಿಗಳ ಚಿಂತೆ ಅಷ್ಟಾಗಿ ಇರಲಿಲ್ಲ. ವಿದೇಶೀ ವಿನಿಮಯದ ಅಭಾವವಿರುವ ಬಡ ದೇಶಗಳು ಆಮದಿಗೆ ಕಡಿವಾಣ ಹಾಕಬಹುದೆಂದು ಗ್ಯಾಟಿನ ೧೮ನೆಯ ವಿಧಿಯಲ್ಲೇ ಅವಕಾಶವಿತ್ತು. ಹೊರಗಿನ ಸರಕು ಬರಬೇಕಾದರೆ ಲೈಸೆನ್ಸು ಬೇಕು. ಈ ತಡಿಕೆಯ ಮರೆಯಲ್ಲಿ ಉಕ್ಕು, ಯಂತ್ರ, ಔಷಧಗಳ ಕೈಗಾರಿಕೆ ಬೆಳೆದದ್ದು ನಿಜ. ಲೈಸೆನ್ಸೇ ಒಂದು ಸರಕಾದದ್ದೂ ಅಷ್ಟೇ ನಿಜ. ದೊಡ್ಡ ಮನೆತನಗಳ ಕೈಗೆ ಲೈಸೆನ್ಸುಗಳು ಹೆಚ್ಚಾಗಿ ಸೇರಿದವೆಂದು ಸರ್ಕಾರವೇ ನೇಮಿಸಿದ ದತ್ ಸಮಿತಿ ೧೯೬೯ರಲ್ಲಿ ಹೇಳಿತು. ಸಣ್ಣ ವರ್ತಕ ಕಚೇರಿಯ ಜಗಲಿಯಲ್ಲಿ ಕಾದು ಕಾದು ಸೋತ. ಬಾಗಿಲು ಮುಚ್ಚಿದ್ದ ಕಾಲವೆಲ್ಲ ಬಡವರ ಸುವರ್ಣಯುಗವಾಗಿತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಮುಚ್ಚಿದ ಬಾಗಿಲಿನ ಒಳಗೂ ಬೀಗದ ಕೈ ಉಳ್ಳವರ ಸೊಂಟದಲ್ಲೇ ಇತ್ತು.

ಇನ್ನು ನಮ್ಮ ಗಿರಣಿಯ ಬಂಧುಗಳಿಗೆ ಹತ್ತಿರದ ಸಂಗತಿ, ಬಟ್ಟೆ. ಬಡ ದೇಶಕ್ಕೆ ಮೊದಲು ಕೈಗೂಡುವ ಕೈಗಾರಿಕೆ ನೂಲು ಮತ್ತು ನೇಯ್ಗೆ. ಭಾರತ, ಪಾಕಿಸ್ತಾನ, ಹಾಂಗ್‌ಕಾಂಗ್‌ಗಳ ಅಗ್ಗದ ಬಟ್ಟೆ ತಮ್ಮ ಪೇಟೆಗೆ ಬಂದಾಗ ಮುಂದುವರಿದ ರಾಷ್ಟ್ರಗಳು ಏನು ಮಾಡಿದವು? ೧೯೬೧ರಲ್ಲಿ ಹತ್ತಿಬಟ್ಟೆಗೆ ಅಲ್ಪಾವಧಿಯ ಏರ್ಪಾಡು ಎಂದು ಒಂದು ಕೋಟಾ ಕಟ್ಟಿದವು. ಇಂತಿಷ್ಟು ಗಜಕ್ಕಿಂತ ಹೆಚ್ಚು ತರಕೂಡದು. ೧೯೬೨ರಲ್ಲಿ ಅದೇ ದೀರ್ಘಾವಧಿಯ ಏರ್ಪಾಡಾಯಿತು. ೧೯೭೪ರಲ್ಲಿ ಉಣ್ಣೆ, ಕೃತಕ ನೂಲುಗಳನ್ನೂ ಸೇರಿಸಿಕೊಂಡು ಬಹುನೂಲು ಒಪ್ಪಂದವಾಯಿತು. ಅಲ್ಪಾವಧಿಯೆಂದು ಶುರುವಾದದ್ದು ಪೂರ್ತಿ ತೊಲಗಿದ್ದು ೨೦೦೪ರ ಕೊನೆಗೆ, ೪೩ ವರ್ಷಗಳ ಮೇಲೆ. ಲ್ಯಾಂಕಷೈರಿನ ಗಿರಣಿ ಕೆಲಸಗಾರನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ಹೆಂಡತಿ ಮಕ್ಕಳುಳ್ಳವನೇ. ಅವನ ಕೆಲಸ ಉಳಿಸಲು ಅವನ ಸರ್ಕಾರ ಬಾಗಿಲಿಗೆ ಅಡ್ಡಪಟ್ಟಿ ಹಾಕಿತು. ಹಾಗಾದರೆ ಅದೇ ಸರ್ಕಾರಗಳು ನಮಗೆ, ಬಾಗಿಲಿಗೆ ಅಡ್ಡಪಟ್ಟಿ ಹಾಕುವುದು ಮಹಾಪಾಪ ಎಂದು ಉಪದೇಶ ಮಾಡುವುದು ಯಾವ ನ್ಯಾಯ?

೧೯೯೧ರಲ್ಲಿ ಏನಾಯಿತೆಂಬುದು ಹಿರಿಯರಿಗೆ ನೆನಪಿದೆ. ಎಂಬತ್ತರ ದಶಕದ ಸಾಲ ಬೆಳೆದಿತ್ತು. ೧೯೯೦ರ ಆಗಸ್ಟಿನಲ್ಲಿ ಕುವೈತಿನ ಮೇಲೆ ದಾಳಿಯಾಗಿ ಪೆಟ್ರೋಲಿನ ಬೆಲೆ ಏರಿತು. ೧೯೯೧ರ ಮಧ್ಯದ ಹೊತ್ತಿಗೆ ದೇಶದ ಕೈಯಲ್ಲಿ ಉಳಿದ ವಿದೇಶೀ ಹಣ ಎರಡು ವಾರದ ಆಮದಿಗೆ ಸಾಕಾಗುವಷ್ಟು. ಆ ಜುಲೈಯಲ್ಲಿ ಸುಮಾರು ೪೭ ಟನ್ ಚಿನ್ನವನ್ನು ಒತ್ತೆಯಿಡಲು ಹೊರದೇಶಕ್ಕೆ ಕಳಿಸಬೇಕಾಯಿತು. ಜುಲೈ ೧ ಮತ್ತು ೩ರಂದು ರೂಪಾಯಿಯ ಬೆಲೆ ಇಳಿಸಿದರು. ಜುಲೈ ೨೪ರಂದು ಮನಮೋಹನ ಸಿಂಗರು ಮುಂಗಡಪತ್ರ ಮಂಡಿಸಿದರು. ಅದಕ್ಕೆ ಮೊದಲು ಕೆಲವು ಸರಕಿನ ಮೇಲೆ ಸುಂಕ ನೂರಕ್ಕೆ ೩೦೦ನ್ನೂ ದಾಟುತ್ತಿತ್ತು. ಅತಿ ಹೆಚ್ಚಿನ ಸುಂಕವನ್ನು ಆ ವರ್ಷ ೧೫೦ಕ್ಕೆ ಇಳಿಸಿದರು. ೧೯೯೫ರಲ್ಲಿ ೫೦ಕ್ಕೆ ಬಂತು. ೨೦೦೭ರ ಹೊತ್ತಿಗೆ ಕೃಷಿಯೇತರ ಸರಕುಗಳಿಗೆ, ಕೆಲವನ್ನು ಬಿಟ್ಟು, ೧೦ಕ್ಕೆ ಇಳಿಯಿತು.

ಬದಲಾವಣೆ ಬೇಕಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಒಂದು ಮಾತನ್ನು ವ್ಯಾಪಾರಸ್ಥರಾದ ನೀವೇ ತೂಗಿನೋಡಿ. ಚೌಕಾಸಿಗೆ ಹೋಗುವವನು ತನ್ನ ಗಂಟನ್ನು ಬಿಚ್ಚಿ ಮೊದಲೇ ಹಂಚಿಬಿಟ್ಟರೆ, ಆಮೇಲೆ ಮೇಜಿನ ಮೇಲೆ ಇಡುವುದಕ್ಕೆ ಏನು ಉಳಿಯಿತು? ಆ ವರ್ಷಗಳಲ್ಲಿ ನಾವು ಸುಂಕ ಇಳಿಸಿದ್ದು ಸಾಲದ ಒತ್ತಡದಲ್ಲಿ, ನಮ್ಮಷ್ಟಕ್ಕೆ ನಾವೇ. ಅದಕ್ಕೆ ಪ್ರತಿಯಾಗಿ ಯಾವ ದೇಶವೂ ನಮ್ಮ ಒಂದು ಗಜ ಬಟ್ಟೆಗೆ ಹೆಚ್ಚಿನ ದಾರಿ ಬಿಡಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ.

ಅದೇ ಕಾಲಕ್ಕೆ ಜಿನೀವಾದಲ್ಲಿ ದೊಡ್ಡ ಚೌಕಾಸಿ ನಡೆದಿತ್ತು. ೧೯೮೬ರ ಸೆಪ್ಟೆಂಬರಿನಲ್ಲಿ ಉರುಗ್ವೆ ದೇಶದಲ್ಲಿ ಶುರುವಾದ ಸುತ್ತು ಅದು. ಬ್ಯಾಂಕು, ವಿಮೆ ಮೊದಲಾದ ಸೇವೆಗಳನ್ನೂ ಪೇಟೆಂಟುಗಳನ್ನೂ ವ್ಯಾಪಾರದ ಒಪ್ಪಂದಕ್ಕೆ ಎಳೆಯಬೇಡಿ ಎಂದು ಭಾರತ, ಬ್ರೆಜಿಲ್ ಮುಂತಾದ ಹತ್ತು ದೇಶಗಳು ಹಠ ಹಿಡಿದವು. ೧೯೮೯ರ ಹೊತ್ತಿಗೆ ಆ ಹಠ ಸಡಿಲಿತು. ೧೯೯೧ರ ಡಿಸೆಂಬರಿನಲ್ಲಿ ಗ್ಯಾಟಿನ ಮುಖ್ಯಸ್ಥ ಆರ್ಥರ್ ಡಂಕೆಲ್ ಪೂರ್ತಿ ಕರಡನ್ನು ಮುಂದಿಟ್ಟರು. ೧೯೯೪ರ ಏಪ್ರಿಲ್ ೧೫ರಂದು ಮೊರಾಕ್ಕೋದ ಮರಕೇಶ್ ನಗರದಲ್ಲಿ ರುಜು ಬಿತ್ತು. ೧೯೯೫ರ ಜನವರಿ ೧ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಆ ಕರಾರಿನ ಸಾರ ಇಷ್ಟು: ಶ್ರೀಮಂತ ದೇಶಗಳು ಬಟ್ಟೆಯ ಕೋಟಾ ತೆಗೆಯುತ್ತವೆ, ತಮ್ಮ ಬೇಸಾಯಕ್ಕೆ ಕೊಡುವ ಸಹಾಯಧನ ತಗ್ಗಿಸುತ್ತವೆ, ಬಡ ದೇಶಗಳು ಪೇಟೆಂಟು, ಸೇವೆಗಳ ಕಟ್ಟಳೆ ಒಪ್ಪಿಕೊಳ್ಳುತ್ತವೆ.

ಕೋಟಾ ತೆಗೆಯುವ ಮಾತು ಹೇಗೆ ನಡೆಯಿತು ನೋಡಿ. ೧೯೯೫ರಲ್ಲಿ ನೂರಕ್ಕೆ ೧೬ ಪಾಲು ಬಟ್ಟೆ, ೧೯೯೮ರಲ್ಲಿ ೧೭, ೨೦೦೨ರಲ್ಲಿ ೧೮, ಉಳಿದ ೪೯ ಪಾಲು ಹತ್ತು ವರ್ಷ ತುಂಬಿದ ಕೊನೆಯ ದಿನ! ಯಾವ ಪಾಲನ್ನು ಮೊದಲು ಬಿಡಬೇಕೆಂದು ಆರಿಸುವ ಹಕ್ಕೂ ಅವರದೇ. ಮೊದಲ ಕಂತುಗಳಲ್ಲಿ ಬಿಟ್ಟದ್ದರಲ್ಲಿ ಬಹುಪಾಲು, ಎಂದೂ ಕೋಟಾ ಇಲ್ಲದ ಸರಕೇ. ಅಸಲನ್ನು ಕೊನೆಯ ದಿನಕ್ಕೆ ಇಟ್ಟುಕೊಂಡು ಹತ್ತು ವರ್ಷ ಬರಿಯ ಮಾತಿನ ಬಡ್ಡಿ ಕಟ್ಟಿದರು. ಪೇಟೆಂಟಿನ ಕಾನೂನಿಗೆ ಮಾತ್ರ ನಾವು ಗಡುವು ತಪ್ಪುವಂತಿರಲಿಲ್ಲ.

ಕೋಟಾ ಹೋದ ೨೦೦೫ರಲ್ಲಿ ಚೀನದ ಬಟ್ಟೆ ಪ್ರವಾಹದಂತೆ ನುಗ್ಗಿತು. ಅದೇ ವರ್ಷ ಅಮೆರಿಕ, ಯೂರೋಪುಗಳು ಚೀನಕ್ಕೆ ಮತ್ತೆ ಕೆಲವು ವರ್ಷ ಮಿತಿ ಹಾಕಿದವು. ಹತ್ತಿ ಅಷ್ಟಾಗಿ ಬೆಳೆಯದ ಬಾಂಗ್ಲಾದೇಶ ಹೊಲಿದ ಉಡುಪಿನ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು. ನಮ್ಮಲ್ಲಿಯೂ ಕೆಲಸ ಹುಟ್ಟದೆ ಇರಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸುಗಳಲ್ಲಿ ದುಡಿಯುವ ಲಕ್ಷಾಂತರ ಹೆಣ್ಣುಮಕ್ಕಳೇ ಅದಕ್ಕೆ ಸಾಕ್ಷಿ. ಆದರೆ ಹತ್ತು ವರ್ಷದ ಗಡುವನ್ನು ಮನೆ ಸಿದ್ಧಮಾಡಿಕೊಳ್ಳಲು ನಾವು ಬಳಸಲಿಲ್ಲ. ಉಡುಪಿನ ತಯಾರಿಕೆಯನ್ನು ಸಣ್ಣ ಘಟಕಗಳಿಗೆ ಮೀಸಲಿಟ್ಟೆವು. ಆ ಸಣ್ಣವನಿಗೆ ಸಾಲ, ಯಂತ್ರ, ತರಬೇತಿ ಮಾತ್ರ ಸಾಲದಾಯಿತು. ಮೇಜಿನಲ್ಲಿ ಗೆದ್ದದ್ದು ಅರ್ಧ ಗೆಲುವು. ಉಳಿದರ್ಧವನ್ನು ಮನೆಯಲ್ಲಿ ಗೆಲ್ಲಬೇಕು.

ಗಿರಣಿ ಮುಚ್ಚಿದ ಮಾತಿಗೆ ಬರೋಣ. ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಅಲ್ಲಿಯ ಹತ್ತಿ ಗಿರಣಿಗಳ ಸಿಳ್ಳು ನಿಂತಿತು. ಸುತ್ತಲಿನ ಹೊಲಗಳಲ್ಲಿ ಹತ್ತಿ ಹೋಗಿ ಮೆಕ್ಕೆಜೋಳ ಬಂತು. ಇದಕ್ಕೆಲ್ಲ ವಿಶ್ವ ವ್ಯಾಪಾರ ಸಂಸ್ಥೆಯೇ ಕಾರಣವೆಂದು ವೇದಿಕೆಯಲ್ಲಿ ಗುಡುಗುವುದು ಸುಲಭ. ಅದು ಪೂರ್ತಿ ಸತ್ಯವಲ್ಲ. ದೇಶದ ಅನೇಕ ಗಿರಣಿಗಳಿಗೆ ಬೀಗ ಬಿದ್ದದ್ದು ಆ ಸಂಸ್ಥೆ ಹುಟ್ಟುವುದಕ್ಕೆ ಮುಂಚೆಯೇ. ಲಾಭವನ್ನು ಯಂತ್ರಕ್ಕೆ ಹಾಕದೆ ಬೇರೆಡೆಗೆ ಸಾಗಿಸಿದ ಒಡೆಯರು, ಕಡಿಮೆ ಕೂಲಿಗೆ ನೇಯುವ ವಿದ್ಯುತ್ ಮಗ್ಗಗಳು, ಮುಚ್ಚುವ ಗಿರಣಿ ಮುಚ್ಚಲಿ ಎಂಬ ಧೋರಣೆಯ ೧೯೮೫ರ ಜವಳಿ ನೀತಿ, ಇವು ಮನೆಯೊಳಗಿನ ಕಾರಣಗಳು. ರೋಗದ ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ.

ಕೆಲಸ ಕಳೆದುಕೊಂಡ ಗಿರಣಿಗಾರನಿಗೆ ಸಿಕ್ಕಿದ್ದೇನು? ೧೯೮೬ರ ಜವಳಿ ಕೆಲಸಗಾರರ ಪುನರ್ವಸತಿ ನಿಧಿಯಿಂದ, ಅರ್ಹನೆಂದು ಸಾಬೀತಾದರೆ, ಮೊದಲ ವರ್ಷ ಸಂಬಳದ ನೂರಕ್ಕೆ ೭೫ ಪಾಲು, ಎರಡನೆಯ ವರ್ಷ ೫೦, ಮೂರನೆಯ ವರ್ಷ ೨೫. ಆಮೇಲೆ ದೇವರೇ ಗತಿ. ಸುಧಾರಣೆಯಿಂದ ಕೆಲಸ ಹೋದವರಿಗೆ ಹೊಸ ಕಸುಬು ಕಲಿಸಲೆಂದು ೧೯೯೨ರಲ್ಲಿ ರಾಷ್ಟ್ರೀಯ ನವೀಕರಣ ನಿಧಿ ಕಟ್ಟಿದರು. ಅದರ ಹಣದಲ್ಲಿ ಹೆಚ್ಚಿನದು ಸರ್ಕಾರಿ ಕಾರ್ಖಾನೆಗಳಲ್ಲಿ ಸ್ವಯಂ ನಿವೃತ್ತಿ ಎಂದು ಜನರನ್ನು ಮನೆಗೆ ಕಳಿಸುವುದಕ್ಕೇ ಹೋಯಿತು. ಬಂಡವಾಳಶಾಹಿಯ ತವರಾದ ಅಮೆರಿಕವೇ, ಆಮದಿನಿಂದ ಕೆಲಸ ಕಳೆದುಕೊಂಡವನಿಗೆ ಭತ್ಯೆ, ತರಬೇತಿ ಕೊಡುವ ಏರ್ಪಾಡನ್ನು ೧೯೬೨ರ ವ್ಯಾಪಾರ ಕಾನೂನಿನಲ್ಲೇ ಮಾಡಿ ಅರುವತ್ತು ವರ್ಷ ನಡೆಸಿತು. ಸುಂಕ ಇಳಿಸುವ ಪಾಠವನ್ನು ಅವರಿಂದ ಕಲಿತವರು ಈ ಪಾಠವನ್ನೇಕೆ ಕಲಿಯಲಿಲ್ಲ?

ಮೆಕ್ಕೆಜೋಳದ ಮಾತು ಬಂದದ್ದರಿಂದ ಒಂದು ವಿಚಿತ್ರ ಸಂಗತಿ ಹೇಳಬೇಕು. ಗ್ಯಾಟಿನ ಹಳೆಯ ಸುತ್ತುಗಳಲ್ಲಿ ಅಕ್ಕಿ, ಜೋಳ, ಮೆಕ್ಕೆಜೋಳ, ಹಾಲಿನ ಪುಡಿ ಇಂಥ ಕೆಲವಕ್ಕೆ ಸುಂಕವೇ ಹಾಕುವುದಿಲ್ಲ, ಸೊನ್ನೆ, ಎಂದು ನಮ್ಮವರು ಒಪ್ಪಿ ಬಂದಿದ್ದರು. ಲೈಸೆನ್ಸಿನ ಬೀಗವಿತ್ತಲ್ಲ, ಸೊನ್ನೆಯಿದ್ದರೇನು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಬೀಗದ ಮೇಲೇ ಅಮೆರಿಕ ೧೯೯೭ರಲ್ಲಿ ವ್ಯಾಜ್ಯ ಹೂಡಿತು: ನಿಮಗೀಗ ವಿದೇಶೀ ವಿನಿಮಯದ ಅಭಾವವಿಲ್ಲ, ಬೀಗ ತೆಗೆಯಿರಿ. ೧೯೯೯ರ ಆಗಸ್ಟಿನಲ್ಲಿ ಮೇಲ್ಮನವಿಯಲ್ಲೂ ನಾವು ಸೋತೆವು. ೨೦೦೦ದ ಏಪ್ರಿಲ್ ೧ಕ್ಕೆ ೭೧೪ ಸರಕು, ೨೦೦೧ರ ಏಪ್ರಿಲ್ ೧ಕ್ಕೆ ಉಳಿದ ೭೧೫ ಸರಕು, ಹೀಗೆ ಎರಡು ಕಂತಿನಲ್ಲಿ ಬೀಗ ತೆಗೆಯಬೇಕಾಯಿತು. ಆಗ ಅವಸರದಲ್ಲಿ ಜಿನೀವಾಕ್ಕೆ ಓಡಿ ಸೊನ್ನೆಯ ಮಿತಿಗಳನ್ನು ಮೇಲಕ್ಕೆತ್ತಿಸಿಕೊಂಡರು. ಬಿಟ್ಟಿಯಾಗಿ ಆಗಲಿಲ್ಲ, ಮೆಕ್ಕೆಜೋಳಕ್ಕೂ ಹಾಲಿನ ಪುಡಿಗೂ ಇಂತಿಷ್ಟು ಟನ್ನಿನವರೆಗೆ ಕಡಿಮೆ ಸುಂಕದಲ್ಲಿ ದಾರಿ ಬಿಡಬೇಕಾಯಿತು. ಜೋಳ ಬೆಳೆಯುವವನನ್ನು ಒಂದು ಮಾತು ಕೇಳಿದ್ದರೆ ಮೊದಲೇ ಆ ಸೊನ್ನೆಗೆ ರುಜು ಬೀಳುತ್ತಿತ್ತೆ?

ಈಗ ಮಿತಿಯೊಳಗಿನ ಆಟ, ಅಂದರೆ ದೆಹಲಿಯ ಕೈಯಲ್ಲಿರುವುದು. ರಾಮನಗರ, ಶಿಡ್ಲಘಟ್ಟಗಳ ರೇಷ್ಮೆಗೂಡಿನ ಮಾರುಕಟ್ಟೆಯನ್ನು ತೆಗೆದುಕೊಳ್ಳಿ. ೨೦೧೧ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ ೩೦ರಿಂದ ಒಮ್ಮೆಗೇ ೫ಕ್ಕೆ ಇಳಿಸಿದರು. ಚೀನದ ನೂಲು ಅಗ್ಗವಾಯಿತು. ನಮ್ಮ ಬೆಳೆಗಾರರೂ ರೀಲರುಗಳೂ ಬೀದಿಗೆ ಬಂದರು. ೨೦೧೩ರಲ್ಲಿ ೧೫ಕ್ಕೆ ಏರಿಸಿದರು. ಹೀಗೆ ಇಳಿಸಬೇಕೆಂದು ಜಿನೀವಾದ ಯಾವ ಕರಾರೂ ಹೇಳಿರಲಿಲ್ಲ. ಅಗ್ಗದ ನೂಲು ಬೇಕೆಂದ ನೇಕಾರನೂ ನಮ್ಮವನೇ, ಗೂಡಿಗೆ ಬೆಲೆ ಬೇಕೆಂದ ರೈತನೂ ನಮ್ಮವನೇ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಲೆಕ್ಕ ಹಾಕಬೇಕಾದವರು ಒಬ್ಬರ ಕಡೆಗೆ ಕೊಡಲಿ ಬೀಸಿದರು.

ಹತ್ತಿಯಲ್ಲೂ ಹೀಗೆಯೇ. ೨೦೨೫ರ ಆಗಸ್ಟ್ ೨೭ರಿಂದ ಅಮೆರಿಕ ನಮ್ಮ ಬಹುಪಾಲು ಸರಕಿನ ಮೇಲೆ ಒಟ್ಟು ನೂರಕ್ಕೆ ೫೦ ಹೆಚ್ಚುವರಿ ಸುಂಕ ಹೇರಿತು. ತಿರುಪ್ಪೂರು, ಬೆಂಗಳೂರುಗಳ ಉಡುಪಿನ ಕಾರ್ಖಾನೆಗಳಿಗೆ ಅದು ದೊಡ್ಡ ಹೊಡೆತ. ಅವುಗಳಿಗೆ ಆಸರೆಯಾಗಲೆಂದು ದೆಹಲಿ ಅದೇ ಆಗಸ್ಟಿನಲ್ಲಿ ಹತ್ತಿಯ ಮೇಲಿದ್ದ ನೂರಕ್ಕೆ ೧೧ರ ಆಮದು ಸುಂಕವನ್ನು ಡಿಸೆಂಬರ್ ಕೊನೆಯವರೆಗೆ ತೆಗೆದುಹಾಕಿತು. ಗಿರಣಿಗೆ ಹತ್ತಿ ಅಗ್ಗವಾಯಿತು, ಸರಿ. ಆದರೆ ಹಾವೇರಿ, ರಾಯಚೂರುಗಳ ಹತ್ತಿ ಪೇಟೆಗೆ ಬರುವ ಕಾಲವೂ ಅದೇ. ಅಮೆರಿಕ ಹೊಡೆದ ಏಟನ್ನು ಗಿರಣಿಯ ಬೆನ್ನಿನಿಂದ ರೈತನ ಬೆನ್ನಿಗೆ ವರ್ಗಾಯಿಸಿದಂತಾಯಿತು. ಇದೇ ಹತ್ತಿಗೆ ಅಮೆರಿಕ ತನ್ನ ರೈತರಿಗೆ ಕೊಡುವ ಸಹಾಯಧನ ಅನ್ಯಾಯವೆಂದು ಬ್ರೆಜಿಲ್ ದಾವೆ ಹೂಡಿ ೨೦೦೫ರಲ್ಲಿ ಗೆದ್ದಿತ್ತು. ಕೊನೆಗೆ ೨೦೧೪ರಲ್ಲಿ ಬ್ರೆಜಿಲ್ಲಿಗೆ ೩೦ ಕೋಟಿ ಡಾಲರ್ ಕೊಟ್ಟು ಅಮೆರಿಕ ರಾಜಿ ಮಾಡಿಕೊಂಡಿತು. ೨೦೦೩ರಲ್ಲಿ ಕಾನ್‌ಕುನ್ ಸಭೆಯಲ್ಲಿ ಅದೇ ದೂರು ಹೇಳಿಕೊಂಡ ಮಾಲಿ, ಬೆನಿನ್, ಚಾಡ್, ಬುರ್ಕಿನಾ ಫಾಸೊಗಳ ಬಡ ರೈತರಿಗೆ ಅಂಥ ರಾಜಿಯೂ ಇಲ್ಲ.

ಧಾನ್ಯದ ಕರಾರಿನಲ್ಲೂ ಒಂದು ಗೂಟವಿದೆ. ಸರ್ಕಾರ ರೈತರಿಂದ ಬೆಂಬಲ ಬೆಲೆಗೆ ಕೊಂಡು ಪಡಿತರಕ್ಕಾಗಿ ಕೂಡಿಡುವ ಧಾನ್ಯದಲ್ಲಿ ಎಷ್ಟು ಸಹಾಯಧನವಿದೆ ಎಂದು ಲೆಕ್ಕ ಹಾಕುವಾಗ, ೧೯೮೬-೮೮ರ ಬೆಲೆಗೆ ಹೋಲಿಸಬೇಕಂತೆ! ಆ ಕಾಲದ ದರದ ಪಕ್ಕದಲ್ಲಿಟ್ಟರೆ ಇವತ್ತಿ‌ನ ಯಾವ ಬೆಲೆಯೂ ದಾನದಂತೆಯೇ ಕಾಣುತ್ತದೆ. ಭಾರತ ೨೦೧೩ರಲ್ಲಿ ಬಾಲಿಯಲ್ಲಿ ಪಟ್ಟು ಹಿಡಿದು, ಶಾಶ್ವತ ಪರಿಹಾರ ಸಿಗುವವರೆಗೆ ಯಾರೂ ಇದರ ಮೇಲೆ ದಾವೆ ಹೂಡಕೂಡದು ಎಂಬ ತಾತ್ಕಾಲಿಕ ಅಭಯ ಪಡೆಯಿತು. ೨೦೧೮-೧೯ರಲ್ಲಿ ಅಕ್ಕಿಯ ಲೆಕ್ಕ ಮಿತಿ ದಾಟಿದಾಗ ನಮ್ಮನ್ನು ಕಾಪಾಡಿದ್ದು ಆ ಅಭಯವೇ. ೨೦೨೪ರ ಅಬುಧಾಬಿ ಸಭೆಯಲ್ಲೂ ಶಾಶ್ವತ ಪರಿಹಾರ ಸಿಗಲಿಲ್ಲ. ಪಟ್ಟು ಹಿಡಿದರೆ ಸ್ವಲ್ಪವಾದರೂ ಸಿಗುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಹೀಗಿರುವಾಗ ಈ ವಿಶ್ವ ವ್ಯಾಪಾರ ಸಂಸ್ಥೆಯೇ ಮುಳುಗಲಿ ಎಂದು ಕೆಲವರು ಹೇಳುತ್ತಾರೆ. ನಾವು ಹಾಗೆ ಹೇಳಲಾರೆವು. ಅದರ ಮೇಲ್ಮನವಿ ಪೀಠಕ್ಕೆ ಹೊಸಬರ ನೇಮಕವನ್ನು ಅಮೆರಿಕ ತಡೆದುದರಿಂದ ೨೦೧೯ರ ಡಿಸೆಂಬರಿನಲ್ಲಿ ಆ ಪೀಠದ ಕೆಲಸ ನಿಂತುಹೋಯಿತು. ಅದರಿಂದ ಬಡ ದೇಶಕ್ಕೆ ಬಂದ ಲಾಭವೇನು? ಪಂಚಾಯ್ತಿ ಕಟ್ಟೆ ಬಿದ್ದ ಊರಿನಲ್ಲಿ ದೊಣ್ಣೆಯಿದ್ದವನದೇ ನ್ಯಾಯ. ೨೦೨೫ರ ಸುಂಕ ಅದನ್ನೇ ತೋರಿಸಿತು. ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಮಾಡುವ ಚೌಕಾಸಿಗಿಂತ ೧೬೬ ದೇಶಗಳು ಕೂತ ಸಭೆ ನಮಗೆ ಮೇಲು. ಅಲ್ಲಿ ಬ್ರೆಜಿಲ್, ದಕ್ಷಿಣ ಆಫ್ರಿಕ, ಇಂಡೋನೇಷ್ಯಗಳ ಹೆಗಲು ನಮ್ಮ ಹೆಗಲಿಗೆ ತಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಇದಕ್ಕೆ ಉತ್ತರ ನಮ್ಮ ಅನುಭವದಲ್ಲೇ ಇದೆ. ಮರಕೇಶ್ ಒಪ್ಪಂದದ ಬಗ್ಗೆ ಸಂಸತ್ತಿನಲ್ಲಿ ಚರ್ಚೆಯಾಯಿತು. ಆದರೆ ಅದನ್ನು ಸಂಸತ್ತಿನ ಮತಕ್ಕೆ ಹಾಕಲೇಬೇಕೆಂಬ ನಿಯಮ ಇರಲಿಲ್ಲ. ಅದರಂತೆ ಪೇಟೆಂಟ್ ಕಾನೂನನ್ನು ತಿದ್ದುವುದಕ್ಕೆ ಮಾತ್ರ ಸಂಸತ್ತೇ ಬೇಕಿತ್ತು. ಅಲ್ಲಿ ಹತ್ತು ವರ್ಷ ಹೋರಾಟ ನಡೆಯಿತು. ಹಳೆಯ ಔಷಧದ ರೂಪವನ್ನು ಅಷ್ಟಿಷ್ಟು ಬದಲಿಸಿ ಹೊಸ ಪೇಟೆಂಟ್ ಕೇಳುವಂತಿಲ್ಲ ಎಂಬ ವಿಧಿ ೨೦೦೫ರ ತಿದ್ದುಪಡಿಯಲ್ಲಿ ಗಟ್ಟಿಯಾಯಿತು. ಅದರ ಬಲದಿಂದಲೇ ೨೦೧೩ರ ಏಪ್ರಿಲ್ ೧ರಂದು ಸರ್ವೋಚ್ಚ ನ್ಯಾಯಾಲಯ, ರಕ್ತದ ಕ್ಯಾನ್ಸರಿನ ಒಂದು ಔಷಧಕ್ಕೆ ನೊವಾರ್ಟಿಸ್ ಕಂಪನಿ ಕೇಳಿದ ಪೇಟೆಂಟನ್ನು ನಿರಾಕರಿಸಿತು. ಬೀಜದ ವಿಷಯವೂ ಹಾಗೆಯೇ. ೧೯೯೩ರಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ರೈತರು ಡಂಕೆಲ್ ಕರಡಿನ ವಿರುದ್ಧ ಬೆಂಗಳೂರಿನಲ್ಲಿ ಸೇರಿದರು. ಬೆಳೆದ ಬೀಜವನ್ನು ಕೂಡಿಡುವ, ಹಂಚುವ, ಬ್ರ್ಯಾಂಡಿನ ಹೆಸರಿಲ್ಲದೆ ಮಾರುವ ಹಕ್ಕು ರೈತನದೆಂದು ೨೦೦೧ರ ಕಾನೂನು ಒಪ್ಪಿತು. ಜನರ ಮಾತು ಒಳಗೆ ಹೋಗಲು ಕಿಂಡಿಯಿದ್ದಲ್ಲಿ ಏನಾದರೂ ಉಳಿಯಿತು. ಕಿಂಡಿಯಿಲ್ಲದ ಕಡೆ ಸೊನ್ನೆಗೂ ರುಜು ಬಿತ್ತು.

ಆದುದರಿಂದ ನಮ್ಮ ಬೇಡಿಕೆಗಳು ನಾಲ್ಕು.

ಮೊದಲನೆಯದು, ಯಾವ ವ್ಯಾಪಾರ ಒಪ್ಪಂದವೂ ರುಜುವಿಗೆ ಮುಂಚೆ ಸಂಸತ್ತಿನ ಮತಕ್ಕೆ ಬರಬೇಕು. ಸಂವಿಧಾನದಲ್ಲಿ ಬೇಸಾಯ ರಾಜ್ಯಗಳ ವಿಷಯ. ಅದನ್ನು ಮುಟ್ಟುವ ಕರಡು ವಿಧಾನಸಭೆಗಳ ಮುಂದೆಯೂ, ಆಯಾ ನಾಡಿನ ಭಾಷೆಯಲ್ಲಿ, ಬರಬೇಕು. ೨೫೩ನೆಯ ವಿಧಿ ಒಪ್ಪಂದವನ್ನು ಜಾರಿಗೆ ತರುವ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ರಾಜ್ಯಗಳನ್ನು ಕೇಳಬೇಡಿ ಎಂದು ಅದು ಎಲ್ಲಿಯೂ ಹೇಳಿಲ್ಲ.

ಎರಡನೆಯದು, ಎಣ್ಣೆ, ಹತ್ತಿ, ರೇಷ್ಮೆ, ಕಾಳುಗಳಂಥ ಸರಕಿನ ಸುಂಕ ಬದಲಿಸುವ ಮುಂಚೆ ಬೆಳೆದವನು, ನೂತವನು, ನೇಯ್ದವನು, ಮಾರುವವನು, ನಾಲ್ವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಕೇಳಬೇಕು. ಗುಟ್ಟು ಹೊರಬಿದ್ದರೆ ದಾಸ್ತಾನುಗಾರರು ಲಾಭ ಹೊಡೆಯುತ್ತಾರೆ ಎಂಬ ಆಕ್ಷೇಪಣೆ ಬರುತ್ತದೆ. ದಿನದ ಗುಟ್ಟನ್ನು ಇಟ್ಟುಕೊಳ್ಳಲಿ; ಎಷ್ಟು ಬೆಲೆಗೆ ಇಳಿದರೆ ಸುಂಕ ಏರಿಸುತ್ತೇವೆ, ಎಷ್ಟಕ್ಕೆ ಏರಿದರೆ ಇಳಿಸುತ್ತೇವೆ ಎಂಬ ಸೂತ್ರವನ್ನು ಮೊದಲೇ ಎಲ್ಲರಿಗೂ ಹೇಳಲಿ. ಆಗ ಅಂಗಡಿಯವನೂ ರೈತನೂ ಲೆಕ್ಕ ಹಾಕಿಕೊಂಡು ಬದುಕುತ್ತಾರೆ.

ಮೂರನೆಯದು, ಆಮದಿನಿಂದಾಗಲಿ ಹೊರಗಿನವರ ಸುಂಕದಿಂದಾಗಲಿ ಕೆಲಸ ಹೋದವನಿಗೆ ಕಾನೂನುಬದ್ಧವಾದ ಭತ್ಯೆಯೂ ಹೊಸ ಕಸುಬಿನ ತರಬೇತಿಯೂ ಬೇಕು. ಅದು ಖಾಯಂ ಗಿರಣಿಗಾರನಿಗೆ ಮಾತ್ರ ಸಿಕ್ಕಿದರೆ ಸಾಲದು. ವಿದ್ಯುತ್ ಮಗ್ಗದವನಿಗೂ ಗಾರ್ಮೆಂಟ್ಸಿನ ಹೆಣ್ಣುಮಗಳಿಗೂ ಸಿಗಬೇಕು. ಸುಂಕದ ಆದಾಯದಲ್ಲಿ ಒಂದು ಪಾಲನ್ನು ಇದಕ್ಕೆಂದೇ ತೆಗೆದಿಡಲಿ.

ನಾಲ್ಕನೆಯದು ಸರ್ಕಾರಕ್ಕಲ್ಲ, ನಮಗೇ. ಹೊರಗಿನವರು ಅಸಲಿಗಿಂತ ಕಡಿಮೆ ಬೆಲೆಗೆ ಸರಕು ತಂದು ಸುರಿದರೆ ಅದರ ಮೇಲೆ ವಿಶೇಷ ಸುಂಕ ಕೇಳುವ ಹಕ್ಕು ಕಾನೂನಿನಲ್ಲಿದೆ. ೨೦೦೩ರಲ್ಲಿ ಚೀನದ ರೇಷ್ಮೆಯ ಮೇಲೆ ಅಂಥ ಸುಂಕ ಬಿದ್ದದ್ದೂ ಉಂಟು. ಆದರೆ ಅರ್ಜಿಯ ಹಿಂದೆ ದೇಶದ ಒಟ್ಟು ಉತ್ಪಾದನೆಯಲ್ಲಿ ನೂರಕ್ಕೆ ೨೫ರಷ್ಟಾದರೂ ಮಾಡುವವರ ಬೆಂಬಲವಿರಬೇಕು, ಲೆಕ್ಕಪತ್ರವಿರಬೇಕು. ದೊಡ್ಡ ಕಾರ್ಖಾನೆಯವನು ವಕೀಲರನ್ನಿಟ್ಟು ಇದನ್ನು ಮಾಡಿಸುತ್ತಾನೆ. ಚದುರಿಹೋದ ಸಾವಿರ ಸಣ್ಣವರು ಏನು ಮಾಡಬೇಕು? ಸಂಘ ಕಟ್ಟಬೇಕು. ಪ್ರತಿ ಸಂಘದಲ್ಲಿ ಒಂದು ಪುಸ್ತಕವಿರಲಿ: ಈ ತಿಂಗಳು ಎಷ್ಟು ತಯಾರಾಯಿತು, ಎಷ್ಟಕ್ಕೆ ಮಾರಾಟವಾಯಿತು, ಹೊರಗಿನ ಸರಕು ಪೇಟೆಗೆ ಯಾವ ದರದಲ್ಲಿ ಬಂತು, ಎಷ್ಟು ಜನರ ಕೆಲಸ ಹೋಯಿತು. ದೆಹಲಿಗೆ ಕಳಿಸುವ ಅರ್ಜಿಯಲ್ಲಿ ಕಣ್ಣೀರಿಗೆ ಬೆಲೆಯಿಲ್ಲ, ಅಂಕಿಗೆ ಬೆಲೆಯಿದೆ.

ಬಂಧುಗಳೇ, ಬಾಗಿಲು ಪೂರ್ತಿ ತೆರೆಯಬೇಕೆ ಪೂರ್ತಿ ಮುಚ್ಚಬೇಕೆ ಎಂಬ ಜಗಳದಲ್ಲಿ ನಮ್ಮನ್ನು ಎಪ್ಪತ್ತು ವರ್ಷ ಕಟ್ಟಿಹಾಕಿದ್ದಾರೆ. ಯಾವ ಮನೆಯ ಬಾಗಿಲೂ ಸದಾ ತೆರೆದಿರುವುದಿಲ್ಲ, ಸದಾ ಮುಚ್ಚಿರುವುದೂ ಇಲ್ಲ. ಯಾವಾಗ ತೆರೆಯಬೇಕೆಂದು ಹೇಳುವ ಹಕ್ಕು ಮನೆಯಲ್ಲಿ ದುಡಿಯುವವರಿಗೂ ಇರಬೇಕೆಂಬುದೇ ನಮ್ಮ ವಾದ. ಈ ಊರಿನ ಗಿರಣಿ ಸಂಘವೂ ವರ್ತಕರ ಸಂಘವೂ ಇದುವರೆಗೆ ಬೇರೆ ಬೇರೆ ಅರ್ಜಿ ಬರೆದಿವೆ. ಒಬ್ಬರ ಅರ್ಜಿಗೆ ಇನ್ನೊಬ್ಬರದು ಅಡ್ಡವಾಗಿದೆ. ಮುಂದಿನ ಮುಂಗಡಪತ್ರಕ್ಕೆ ಮುಂಚೆ ಹತ್ತಿ ಬೆಳೆಗಾರರನ್ನೂ ಕರೆದು ಮೂವರೂ ಕೂತು ಒಂದೇ ಅರ್ಜಿ ಬರೆಯೋಣ. ಲೆಕ್ಕದ ಪುಸ್ತಕವನ್ನು ನಾಳೆಯೇ ತೆರೆಯೋಣ.